ಹಿಂದಕ್ಕೆ ಬರುವ ಬಾಣ

ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ನಮ್ಮ ಮನೆಯವರು ನನಗಿಂತ ಮೊದಲೇ ಉತ್ತರ ಕೊಡುತ್ತಿದ್ದರು: “ಇಕಿ ಸರ್ಕಾರದಾಗ ಚೌಕ ಬರೀತಾಳ್ರಿ. ಚೌಕದಿಂದ ಚೌಕಕ್ಕ ಬಾಣ ಬಿಡ್ತಾಳ.” ಅವರು ಬ್ಯಾಂಕಿನವರು, ಧಾರವಾಡದವರು. ಆ ಮಾತಿನಲ್ಲಿ ಕುಚೋದ್ಯವಿತ್ತೇ ಹೊರತು ಸುಳ್ಳಿರಲಿಲ್ಲ. ಕೊಚ್ಚಿಯಿಂದ ಹೊರದೇಶಕ್ಕೆ ಹೋಗುವ ಮೆಣಸು, ಏಲಕ್ಕಿ, ಒಣಶುಂಠಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನಿದ್ದೆ. ಪರೀಕ್ಷೆ ಮಾಡುವ ರಸಾಯನಶಾಸ್ತ್ರಜ್ಞರು ಬೇರೆ. ಸರಕಿನ ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೊರಡಬೇಕು ಎಂಬುದನ್ನು ವ್ಯಾಪಾರಿಗಳಿಗೂ ಹೊಸ ನೌಕರರಿಗೂ ಮೇಲಧಿಕಾರಿಗಳಿಗೂ ಚಿತ್ರದ ಮೂಲಕ ತಿಳಿಸಿಕೊಡುವುದು ನನ್ನ ಪಾಲಿನ ಕೆಲಸ.

ಈಗ ಕೊಚ್ಚಿಯ ಮಗ್ಗುಲಿನ ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಭಾನುವಾರಗಳಲ್ಲಿ ಕನ್ನಡದ ಕಿರಿಯರು ಬರುತ್ತಾರೆ. ಕೆಲವರು ನನ್ನಂಥ ಕಚೇರಿಗಳಿಗೆ ಹೊಸದಾಗಿ ಸೇರಿದವರು, ಕೆಲವರು ಐಟಿ ಪಾರ್ಕಿನವರು. ತಮ್ಮ ಲ್ಯಾಪ್‌ಟಾಪ್ ತೆರೆದು, “ಈ ಸ್ಲೈಡ್ ಸ್ವಲ್ಪ ನೋಡಿ ಮೇಡಂ” ಎನ್ನುತ್ತಾರೆ. ಅವರ ಸ್ಲೈಡುಗಳು ನಮ್ಮ ಕಾಲದವುಗಳಿಗಿಂತ ನೂರುಪಾಲು ಅಂದವಾಗಿವೆ. ಆದರೆ ಒಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಅದನ್ನು ಯಾಕೆ ಕೇಳುತ್ತೇನೆಂದು ಪ್ರತಿ ಭಾನುವಾರ ಹೇಳುವ ಬದಲು ಒಮ್ಮೆ ಬರೆದಿಡುವುದು ಮೇಲೆನ್ನಿಸಿತು. ನನ್ನ ಬಡ್ತಿ ಮತ್ತು ವರ್ಗಾವಣೆಗಳ ವಿವರ ಸರ್ಕಾರದ ಬಳಿ ಭದ್ರವಾಗಿದೆ. ಇಲ್ಲಿ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಕೂಟದವಳು. ಪರವಾಗಿ ಮಾತನಾಡಬೇಕಾದವರಿಂದ ನಮ್ಮ ಪ್ರಾಧ್ಯಾಪಕರು ಮೊದಲು ವಿರೋಧಪಕ್ಷದ ವಾದವನ್ನು ಬರೆಸುತ್ತಿದ್ದರು, ಅದೂ ಎದುರಾಳಿಯೇ ಮೆಚ್ಚುವಷ್ಟು ಚೆನ್ನಾಗಿ. ಆ ತಾಲೀಮು ಮುಗಿಸಿಕೊಂಡು ಕೊಚ್ಚಿಗೆ ಬಂದಾಗ, ಸರಿಯಾಗಿ ವಾದಿಸಿದರೆ ಜಗತ್ತಿನ ಯಾವ ಕಚೇರಿಯನ್ನಾದರೂ ತಿದ್ದಬಹುದು ಎಂಬ ನಂಬಿಕೆ ನನ್ನಲ್ಲಿತ್ತು. ಈಗಲೂ ಇದೆ, ತಿದ್ದುವುದಕ್ಕೆ ವಾದವೊಂದೇ ಸಾಲದು ಎಂಬ ತಿಳಿವಳಿಕೆ ಮಾತ್ರ ಆಮೇಲೆ ಸೇರಿಕೊಂಡಿತು.

ಅದನ್ನು ಮೊದಲು ಸೇರಿಸಿದವರು ನನ್ನ ಮೊದಲ ಮೇಲಧಿಕಾರಿ ಕೃಷ್ಣನ್‌ಕುಟ್ಟಿ ಸಾರ್. ಆಗ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಮೇಲೆ ಬಣ್ಣದ ಪೆನ್ನಿನಿಂದ ಬರೆದು, ದೀಪದ ಯಂತ್ರದ ಮೇಲಿಟ್ಟು ಗೋಡೆಗೆ ಬೀಳಿಸುತ್ತಿದ್ದೆವು. ನನ್ನ ಮೊದಲ ಹಾಳೆಯಲ್ಲಿ ಒಂದು ಅಂಗುಲವೂ ಖಾಲಿ ಬಿಟ್ಟಿರಲಿಲ್ಲ. ನಿಯಮ, ಉಪನಿಯಮ, ಅದರ ಸಮರ್ಥನೆ, ಆ ಸಮರ್ಥನೆಗೆ ಬರಬಹುದಾದ ಆಕ್ಷೇಪ, ಅದರ ಖಂಡನೆ ಎಲ್ಲವೂ ಅಲ್ಲಿದ್ದವು. ಸಾರ್ ಆ ಹಾಳೆಯನ್ನು ಕೈಯಲ್ಲಿ ಹಿಡಿದು ವರಾಂಡದ ಆ ತುದಿಗೆ ನಡೆದುಹೋದರು. ಅಲ್ಲಿಂದ ಅದನ್ನು ನನ್ನ ಕಡೆಗೆ ಎತ್ತಿ ಹಿಡಿದರು. ಏನು ಕಾಣುತ್ತದೆ ಎಂದು ಕೇಳಿದರು. ಏನೂ ಕಾಣುತ್ತಿಲ್ಲ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ವಾಪಸು ಬಂದು, ಮಲಯಾಳಿಗಳು ಮನೆಯ ಹುಡುಗಿಯನ್ನು ಕರೆಯುವ ಧಾಟಿಯಲ್ಲಿ ಹೇಳಿದರು:

“ಸುನಂದೇ, ಒಂದು ಮೇಜು, ಮೇಜಿನ ಹಿಂದೆ ಒಬ್ಬ ಮನುಷ್ಯ, ಅವನು ಮಾಡುವ ಒಂದು ಕೆಲಸ. ಅದರ ಸುತ್ತ ಒಂದು ಚೌಕ ಎಳೆ. ಆಮೇಲೆ ಮುಂದಿನ ಮೇಜು. ಇಷ್ಟಾದ ಮೇಲೂ ವಾದ ಉಳಿದಿದ್ದರೆ ಚಾಯ ಕುಡಿಯುವಾಗ ಮಾಡೋಣ.”

ಆ ಸಲಹೆಯ ಮೇಲೆ ನಾನು ನನ್ನ ಕಸುಬನ್ನು ಕಟ್ಟಿದೆ. ಚೌಕದೊಳಗೆ ಒಂದೇ ಕೆಲಸ. ಅದನ್ನು ಯಾರು ಮಾಡುತ್ತಾರೆಂಬುದೂ ಅಲ್ಲಿಯೇ. ಬಣ್ಣ ಎರಡಕ್ಕಿಂತ ಹೆಚ್ಚಿಲ್ಲ. ವ್ಯಾಪಾರಿಗಳ ಸಭೆಯಾದರೆ ಅಕ್ಷರಗಳು ಮಲಯಾಳದಲ್ಲಿ, ಇಂಗ್ಲಿಷಿನಲ್ಲಲ್ಲ. ಇದಕ್ಕಾಗಿಯೇ ನಾನು ಮಲಯಾಳದ ಅಕ್ಷರಮಾಲೆಯನ್ನು, ಆಗಷ್ಟೇ ಶಾಲೆಗೆ ಸೇರಿದ್ದ ನನ್ನ ಮಗಳ ಪಕ್ಕದಲ್ಲಿ ಕೂತು ಕಲಿತೆ. ಅವಳು ನನ್ನ ಕನ್ನಡವನ್ನು ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರಿಸುವವಳು. ನನ್ನ ಅಕ್ಷರ ನೋಡಿ ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿರಲಿಲ್ಲ.

ಒಂದು ಸಂಗತಿ ಹೇಳುತ್ತೇನೆ. ತಿರುವನಂತಪುರದ ಶ್ರೀಕಾರ್ಯದಲ್ಲಿ ನಮ್ಮ ವಲಯ ಕಚೇರಿಯಿತ್ತು. ಅಲ್ಲಿ ಅರ್ಜಿಗಳು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತವೆ, ಎಲ್ಲಿ ಎಂದು ಗೊತ್ತಾಗುತ್ತಿಲ್ಲ ಎಂಬ ದೂರು. ಗೋಡೆಯ ಮೇಲಿದ್ದ ನಕ್ಷೆ ನೋಡಿದರೆ ಯಾವ ದೋಷವೂ ಇಲ್ಲ: ‘ಸ್ವೀಕಾರ’, ‘ಪರಿಶೀಲನೆ’, ‘ಅನುಮೋದನೆ’. ಆಗ ನನಗೊಂದು ಯೋಚನೆ ಬಂತು. ಪ್ರತಿ ಚೌಕವನ್ನೂ ಒಂದೊಂದು ರಟ್ಟಿನ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ, ನಿಮ್ಮ ನಿಮ್ಮ ಚೀಟಿಯನ್ನು ತೆಗೆದುಕೊಂಡು ಸಾಲಾಗಿ ಕೂತುಕೊಳ್ಳಿ ಎಂದೆ. ‘ಸ್ವೀಕಾರ’ವನ್ನು ಕೌಂಟರಿನವರು ತೆಗೆದುಕೊಂಡರು. ‘ಅನುಮೋದನೆ’ಯನ್ನು ಅಧಿಕಾರಿ ತೆಗೆದುಕೊಂಡರು. ‘ಪರಿಶೀಲನೆ’ ಮೇಜಿನ ಮೇಲೆಯೇ ಉಳಿಯಿತು. ಚೀಟಿಯಿಲ್ಲದೆ ಉಳಿದ ಮೂವರು ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೆಲಸ ಉಳಿದಿಬ್ಬರದೆಂದು ಪ್ರತಿಯೊಬ್ಬರೂ ಪ್ರಾಮಾಣಿಕವಾಗಿ ನಂಬಿದ್ದರು. ಅರ್ಜಿಗಳು ಸಿಕ್ಕಿಹಾಕಿಕೊಂಡಿದ್ದ ಜಾಗ ಅದೇ. ಅಂದಿನಿಂದ ಯಾವ ನಕ್ಷೆಯನ್ನಾದರೂ ಪರದೆಯ ಮೇಲೆ ಹಾಕುವ ಮುಂಚೆ ಮನುಷ್ಯರನ್ನು ಚೌಕಗಳಾಗಿ ಕೂರಿಸಿ ನೋಡುವುದು ನನ್ನ ಪದ್ಧತಿಯಾಯಿತು. ಸಹೋದ್ಯೋಗಿಗಳು ಇದಕ್ಕೆ ‘ಸುನಂದಾ ಮೇಡಂ ನಾಟಕ ಕಂಪನಿ’ ಎಂದು ಹೆಸರಿಟ್ಟರು. ನಾನು ಬೇಸರಪಟ್ಟುಕೊಳ್ಳಲಿಲ್ಲ.

ಪ್ಲಾಸ್ಟಿಕ್ ಹಾಳೆಗಳು ಹೋಗಿ ಕಂಪ್ಯೂಟರ್ ಬಂದಾಗ ಇಡೀ ಕಚೇರಿಗೆ ಹಬ್ಬ. ಚೌಕಗಳು ಹಾರಿ ಬರುತ್ತಿದ್ದವು, ಬಾಣಗಳು ಸುತ್ತಿ ಬಂದು ನಾಟಿಕೊಳ್ಳುತ್ತಿದ್ದವು. ಎರ್ನಾಕುಲಂನಲ್ಲಿ ರಫ್ತುದಾರರ ಮುಂದೆ ನಮ್ಮ ವಿಭಾಗ ಮೊದಲ ಸಲ ಈ ವೈಭವವನ್ನು ಪ್ರದರ್ಶಿಸಿತು. ಗುಂಡಿ ಒತ್ತಿದೊಡನೆ ಮೊದಲು ಹಾರಿ ಬಂದದ್ದು ಕೊನೆಯ ಚೌಕ: ‘ಪ್ರಮಾಣಪತ್ರ ನೀಡಿಕೆ’. ಮತ್ತೊಮ್ಮೆ ಒತ್ತಿದರೆ ‘ಪರೀಕ್ಷೆ’. ಎಲ್ಲಕ್ಕಿಂತ ಕೊನೆಯಲ್ಲಿ ‘ಅರ್ಜಿ’. ಮುಂದಿನ ಸಾಲಿನ ಹಿರಿಯ ಮೆಣಸಿನ ವ್ಯಾಪಾರಿಯೊಬ್ಬರು, ಸರ್ಕಾರ ಇಷ್ಟು ಬಿಚ್ಚುಮನಸ್ಸಿನಿಂದ ಮಾತನಾಡಿದ್ದನ್ನು ತಾವು ಇದೇ ಮೊದಲು ನೋಡುತ್ತಿರುವುದಾಗಿ ಗಂಭೀರವಾಗಿ ಹೇಳಿದರು. ಸಭೆ ನಕ್ಕು ಮುಗಿಸಲು ಬಹಳ ಹೊತ್ತು ಹಿಡಿಯಿತು. ಹಾರುವ ಚೌಕಗಳನ್ನು ನಾನು ಆವತ್ತೇ ಬಿಟ್ಟೆ. ಕಿರಿಯರು ಇದೊಂದನ್ನು ಮಾತ್ರ ಒಪ್ಪುವುದಿಲ್ಲ. ಒಪ್ಪದಿದ್ದರೂ ಚಿಂತೆಯಿಲ್ಲ, ಸಭೆ ನಗುವುದು ಒಳ್ಳೆಯದೇ.

ಇನ್ನು ನನ್ನ ಪ್ರಶ್ನೆಯ ಮೂಲಕ್ಕೆ ಬರುತ್ತೇನೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ವಲಯ ಕಚೇರಿಯ ನಿರ್ದೇಶಕರಾಗಿದ್ದವರು ಮ್ಯಾಥ್ಯೂ ಸಾರ್. ಚುರುಕಿನವರು, ಕೆಲಸಗಾರರು, ಅಂದವನ್ನು ಪ್ರೀತಿಸುವವರು. ಅವರ ಮೇಜಿನ ಮೇಲೆ ಒಂದು ಪೆನ್ನು ಸಹ ಓರೆಯಾಗಿ ಬಿದ್ದಿದ್ದನ್ನು ನಾನು ಕಂಡಿಲ್ಲ. ಪ್ರಮಾಣಪತ್ರದ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸುವ ಯೋಜನೆ ಅವರದು. ನಾನು ಅದನ್ನು ಉತ್ಸಾಹದಿಂದ ಬೆಂಬಲಿಸಿದವಳು. ದೆಹಲಿಯವರಿಗೆ ತೋರಿಸುವ ನಕ್ಷೆಯನ್ನು ನಾನೇ ಬರೆದುಕೊಟ್ಟೆ. ಸರಕಿನ ಒಡೆಯ, ಸ್ವೀಕಾರ, ಪ್ರಯೋಗಾಲಯ, ಫಲಿತಾಂಶ. ಫಲಿತಾಂಶದಿಂದ ಒಂದು ಬಾಣ ಪ್ರಮಾಣಪತ್ರಕ್ಕೆ, ಇನ್ನೊಂದು ‘ತಿರಸ್ಕೃತ’ಕ್ಕೆ. ‘ತಿರಸ್ಕೃತ’ದಿಂದ ಕೆಳಗೆ ಇಳಿದು, ಎಡಕ್ಕೆ ಸಾಗಿ, ಮತ್ತೆ ಒಡೆಯನಿಗೆ ಬಂದು ಸೇರುವ ಒಂದು ಉದ್ದ ಬಾಣ.

ಮ್ಯಾಥ್ಯೂ ಸಾರ್ ಆ ಬಾಣದ ಮೇಲೆ ಬೆರಳಿಟ್ಟರು.

“ಇದು ಯಾಕೆ ತಿರುಗಿ ಬರುತ್ತಿದೆ?”

ತಿರಸ್ಕೃತವಾದ ಸರಕನ್ನು ಮತ್ತೆ ಒಣಗಿಸಿ, ಶುಚಿಮಾಡಿ ಎರಡನೆಯ ಪರೀಕ್ಷೆಗೆ ತರುವ ರೂಢಿ ಮೊದಲಿನಿಂದಲೂ ಇದೆಯೆಂದು ವಿವರಿಸಿದೆ.

“ಅದು ಎಲ್ಲರಿಗೂ ಗೊತ್ತಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಚಿತ್ರದಲ್ಲಿ ಯಾಕೆ ತುಂಬಬೇಕು? ಸರಳವಾಗಿರಲಿ ಎಂದು ಊರಿಗೆಲ್ಲ ಕಲಿಸುವವರು ನೀವೇ.”

ಚರ್ಚಾಕೂಟದ ದೃಷ್ಟಿಯಿಂದ ಹೇಳುವುದಾದರೆ ಅದು ಉತ್ತಮವಾದ ಏಟು. ನನ್ನ ಮಾತನ್ನೇ ಹಿಡಿದು ನನ್ನನ್ನು ಮಣಿಸಿದ್ದರು. ಸರಳತೆ ಬೇರೆ, ಅರೆಬರೆ ಬೇರೆ ಎಂದು ನಾನು ವಾದಿಸಿದೆ, ಬರೆದೂ ಕೊಟ್ಟೆ. ಅವರು ಕೇಳಿದರು, ಓದಿದರು, ಬಾಣವನ್ನು ಅಳಿಸಿದರು. ಸ್ಲೈಡು ನಿಜಕ್ಕೂ ಅಂದವಾಯಿತು. ದೆಹಲಿಯಲ್ಲಿ ಅದನ್ನು ಮೆಚ್ಚಿಕೊಂಡರು. ತಂತ್ರಾಂಶ ತಯಾರಿಸುವ ಕಂಪನಿಯವರು ನಮ್ಮ ಕೌಂಟರನ್ನು ಕಂಡವರಲ್ಲ, ಗೋದಾಮನ್ನು ಕಂಡವರಲ್ಲ. ಅವರ ಕೈಗೆ ಕೊಟ್ಟದ್ದು ಆ ಸ್ಲೈಡು. ಚಿತ್ರದಲ್ಲಿ ಇದ್ದುದನ್ನೆಲ್ಲ ಅವರು ನಿಷ್ಠೆಯಿಂದ ಕಟ್ಟಿದರು. ಇಲ್ಲದ್ದನ್ನು ಕಟ್ಟಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ ಯಂತ್ರಕ್ಕೆ ಗೊತ್ತಿರಲಿಲ್ಲ.

ಬೇಸಿಗೆಯಿಡೀ ಯಾವ ತೊಂದರೆಯೂ ಕಾಣಿಸಲಿಲ್ಲ. ಮಳೆ ಹಿಡಿದ ಮೇಲೆ ಲಿಸ್ಸಿ ಬಂದಳು.

ಲಿಸ್ಸಿ ಕೊಚ್ಚಿಯ ಮಟ್ಟಾಂಚೇರಿ ಪೇಟೆಯ ಒಂದು ಹಳೆಯ ಗೋದಾಮಿನ ಹಿಂಭಾಗವನ್ನು ಬಾಡಿಗೆಗೆ ಹಿಡಿದು, ನೆರೆಹೊರೆಯ ಹೆಂಗಸರನ್ನು ಸೇರಿಸಿಕೊಂಡು ಶುಂಠಿ ಸುಲಿಸಿ ಒಣಗಿಸುವ ಘಟಕ ನಡೆಸುತ್ತಿದ್ದಳು. ಅಲ್ಲಿಯವರೆಗೆ ಅವಳ ಶುಂಠಿ ದಲ್ಲಾಳಿಗಳ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು. ಆ ವರ್ಷ ಮೊದಲ ಬಾರಿಗೆ ಹೊರದೇಶದ ಒಬ್ಬ ಖರೀದಿದಾರ ನೇರವಾಗಿ ಅವಳಿಗೇ ಬೇಡಿಕೆ ಕೊಟ್ಟಿದ್ದ. ಹಡಗು ಮುಂದಿನ ವಾರ. ಸರಕು ತೇವಾಂಶದ ಪರೀಕ್ಷೆಯಲ್ಲಿ ಬಿದ್ದುಹೋಗಿತ್ತು. ಅದರಲ್ಲಿ ಆಶ್ಚರ್ಯವಿಲ್ಲ, ಮಳೆಗಾಲದ ಮಟ್ಟಾಂಚೇರಿಯಲ್ಲಿ ಬೆಂಕಿಪೊಟ್ಟಣವೂ ತೇವಾಂಶದಲ್ಲಿ ಬೀಳುತ್ತದೆ. ಲಿಸ್ಸಿ ಇಡೀ ಸರಕನ್ನು ಬಿಸಿಗಾಳಿಯ ಯಂತ್ರದಲ್ಲಿ ಮತ್ತೆ ಒಣಗಿಸಿ ನಮ್ಮ ಕೌಂಟರಿಗೆ ತಂದಳು. ಕಂಪ್ಯೂಟರ್ ಸ್ವೀಕರಿಸಲಿಲ್ಲ. ಆ ಸರಕಿನ ಸಂಖ್ಯೆ ಒತ್ತಿದರೆ ‘ತಿರಸ್ಕೃತ. ಪ್ರಕ್ರಿಯೆ ಮುಗಿದಿದೆ’ ಎಂದಷ್ಟೇ ಬರುತ್ತಿತ್ತು. ಮುಂದೆ ಒತ್ತುವುದಕ್ಕೆ ಗುಂಡಿಯೇ ಇರಲಿಲ್ಲ.

ಕೌಂಟರಿನಲ್ಲಿದ್ದವರು ಕೆಟ್ಟವರಲ್ಲ. ಅದೇ ಮೂಟೆಗಳನ್ನು ಹೊಸ ಸರಕೆಂದು ತೋರಿಸಿ ಹೊಸ ಸಂಖ್ಯೆ ಮಾಡಿಕೊಡುವ ಉಪಾಯವನ್ನು ಮೆಲ್ಲನೆ ಹೇಳಿದರು. ಲಿಸ್ಸಿ ಒಪ್ಪಲಿಲ್ಲ. ನಾಳೆ ಖರೀದಿದಾರ ಹಳೆಯ ಸಂಖ್ಯೆಯನ್ನು ಕೇಳಿದರೆ ತಾನು ಸುಳ್ಳುಗಾರ್ತಿಯಾಗುತ್ತೇನೆ ಎಂದಳು. ನೇರ ನನ್ನ ಕೋಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಮಲಯಾಳದಲ್ಲಿ ಅವಳು ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

“ಮೇಡಂ, ನಮ್ಮ ಪಳ್ಳಿಯಲ್ಲಿ, ಚರ್ಚಿನಲ್ಲಿ, ಕೊಲೆ ಮಾಡಿ ಬಂದವನಿಗೂ ಕುಂಬಸಾರ ಇದೆ. ಪಾದ್ರಿ ಅಚ್ಚನ ಮುಂದೆ ಮಂಡಿಯೂರಿ ಪಾಪ ಹೇಳಿಕೊಂಡರೆ ಮತ್ತೆ ಒಳಗೆ ಸೇರಿಸುತ್ತಾರೆ. ನನ್ನ ಶುಂಠಿ ಮಾಡಿದ ಪಾಪ ಒಂದೇ, ಮಳೆಗಾಲದಲ್ಲಿ ಒಣಗಲು ತಡ ಮಾಡಿದ್ದು. ಅದಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಕುಂಬಸಾರ ಇಲ್ಲವಾ?”

ನಾನು ಇಲ್ಲವೆಂದೆ. ಅವಳು, ಈ ಬೇಡಿಕೆ ಕೈತಪ್ಪಿದರೆ ಘಟಕ ಮುಚ್ಚಿ ಹೆಂಗಸರನ್ನು ಮನೆಗೆ ಕಳಿಸಬೇಕಾಗುತ್ತದೆ, ಅದನ್ನು ಅವರಿಗೆ ಹೇಳುವಾಗ ನೀವೂ ಜೊತೆಗೆ ಬನ್ನಿ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ನಿಜಕ್ಕೂ ನಾನು ಬರುತ್ತೇನೆಂದು ನಂಬಿಕೊಂಡಂತೆ ಹೇಳಿದಳು.

ಮ್ಯಾಥ್ಯೂ ಸಾರ್‌ಗೆ ಫೋನ್ ಮಾಡಿದೆ. ಒಬ್ಬರಿಗಾಗಿ ವ್ಯವಸ್ಥೆಯನ್ನು ಸಡಿಲಿಸಿದರೆ ನಾಳೆ ನೂರು ಜನ ಬಾಗಿಲು ತಟ್ಟುತ್ತಾರೆ, ಹಳೆಯ ಶಿಫಾರಸಿನ ಕಾಲ ವಾಪಸು ಬರುತ್ತದೆ ಎಂದರು. ಆ ವಾದವನ್ನು ನಾನು ತಳ್ಳಿಹಾಕುವಂತಿರಲಿಲ್ಲ. ಶಿಫಾರಸಿನ ಕಾಲವನ್ನು ತೊಲಗಿಸಬೇಕೆಂದೇ ನಾನೂ ದುಡಿದವಳು. ನಾಡಿದ್ದು ಪರಿಶೀಲನಾ ಸಭೆಯಿದೆ, ತಂತ್ರಾಂಶದವರೂ ಬರುತ್ತಾರೆ, ಬೇಕಾದರೆ ಅಲ್ಲಿ ಮಾತನಾಡಿ ಎಂದು ಚಹಾದ ವಿರಾಮಕ್ಕೆ ಮುಂಚೆ ಹತ್ತು ನಿಮಿಷ ಕೊಟ್ಟರು.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಾಲೇಜಿನ ಪ್ರಾಧ್ಯಾಪಕರ ಪದ್ಧತಿಯಂತೆ ಮ್ಯಾಥ್ಯೂ ಸಾರ್ ಪರವಾದ ವಾದವನ್ನು ಬರೆಯತೊಡಗಿದೆ. ಬರೆದಷ್ಟೂ ಅದು ಗಟ್ಟಿಯಾಗುತ್ತ ಹೋಯಿತು. ನಮ್ಮ ಮನೆಯವರು ಹಿಂದಿನಿಂದ ಬಂದು ಓದಿದರು.

“ಅವರು ಗೆಲ್ಲೂದು ಖರೇ ಅದ,” ಎಂದರು. “ಮಾತಿನ್ಯಾಗ ನೀ ಸೋಲ್ತಿ. ನಿನ್ನ ನಾಟಕ ಕಂಪನಿ ಎಲ್ಲಿ ಹೋತು?”

ಅವರು ತಮಾಷೆಗೆ ಅಂದಿರಬಹುದು. ನಾನು ಕಾಗದವನ್ನು ಮಡಚಿಟ್ಟು ಕತ್ತರಿ ಹುಡುಕಿದೆ.

ಸಭೆಯ ದಿನ ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋದಾಗ ನನ್ನ ಚೀಲದಲ್ಲಿ ಸ್ಲೈಡು ಇರಲಿಲ್ಲ. ರಟ್ಟಿನ ಚೀಟಿಗಳಿದ್ದವು, ಲಿಸ್ಸಿ ಕಟ್ಟಿಕೊಟ್ಟ ಶುಂಠಿಯ ಎರಡು ಪೊಟ್ಟಣಗಳಿದ್ದವು: ಒಂದು ಮೊದಲ ಸಲ ಬಿದ್ದದ್ದು, ಇನ್ನೊಂದು ಮತ್ತೆ ಒಣಗಿಸಿದ್ದು. ಸಭೆಯಲ್ಲಿ ನನ್ನ ಸರದಿ ಬಂದಾಗ ಚೀಟಿಗಳನ್ನು ಹಂಚಿದೆ. ಶ್ರೀಕಾರ್ಯದವರಿಗೆ ನನ್ನ ನಾಟಕ ಕಂಪನಿ ಹಳೆಯ ಪರಿಚಯ. ನಗುತ್ತ ಕುರ್ಚಿಗಳನ್ನು ಸಾಲಾಗಿ ಜೋಡಿಸಿಕೊಂಡರು. ‘ಸ್ವೀಕಾರ’ ಒಬ್ಬ ಹಿರಿಯ ಅಧೀಕ್ಷಕರಿಗೆ ಹೋಯಿತು. ‘ತಿರಸ್ಕೃತ’ವನ್ನು ತಂತ್ರಾಂಶದ ಇಂಜಿನಿಯರಿಗೆ ಕೊಟ್ಟೆ. ‘ಸರಕಿನ ಒಡೆಯ’ ಎಂಬ ಚೀಟಿಯನ್ನು ಮ್ಯಾಥ್ಯೂ ಸಾರ್ ಮುಂದಿಟ್ಟೆ. ಒಂದು ಗಳಿಗೆ ಅದನ್ನು ನೋಡಿ, ನಿರ್ದೇಶಕರ ಕುರ್ಚಿಯಿಂದ ಎದ್ದು ಬಂದು ಸಾಲಿನ ತುದಿಯಲ್ಲಿ ಕೂತರು. ಅವರ ದೊಡ್ಡತನಕ್ಕೆ ಇದೊಂದು ಸಾಕ್ಷಿ.

ಮೊದಲ ಪೊಟ್ಟಣದ ಶುಂಠಿಯ ಕೊಂಬೊಂದನ್ನು ಅವರ ಕೈಗಿತ್ತೆ. ಅದು ಕೈಯಿಂದ ಕೈಗೆ ಸಾಗಿ, ಫಲಿತಾಂಶದ ಚೌಕದಲ್ಲಿ ಬಿದ್ದು, ಇಂಜಿನಿಯರರ ಕೈ ಸೇರಿತು. ಎಲ್ಲವೂ ಸ್ಲೈಡಿನಲ್ಲಿ ಇದ್ದಂತೆಯೇ ನಡೆಯಿತು. ಆಮೇಲೆ ಎರಡನೆಯ ಪೊಟ್ಟಣದಿಂದ ಒಂದು ಕೊಂಬನ್ನು ತೆಗೆದು ಮತ್ತೆ ಮ್ಯಾಥ್ಯೂ ಸಾರ್ ಕೈಗೆ ಕೊಟ್ಟೆ.

“ಸರ್, ನೀವು ಇದನ್ನು ಮತ್ತೆ ಒಣಗಿಸಿದ್ದೀರಿ. ಈಗ ಮುಟ್ಟಿ ನೋಡಿ, ಒಣಗಿದೆ. ಮುಂದಕ್ಕೆ ಕೊಡಿ.”

ಅವರು ಪಕ್ಕದ ಅಧೀಕ್ಷಕರ ಕಡೆ ಕೈ ಚಾಚಿದರು. ಅಧೀಕ್ಷಕರು ನಿವೃತ್ತಿಗೆ ಹತ್ತಿರವಾಗಿದ್ದವರು, ಧೈರ್ಯವಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಸಾರೇ, ಆಗುವುದಿಲ್ಲ. ನಿಮ್ಮದು ಮುಗಿದಿದೆ.”

ಕೋಣೆಯೆಲ್ಲ ನಗು. ಮ್ಯಾಥ್ಯೂ ಸಾರ್ ಕೂಡ ನಕ್ಕು, ಶುಂಠಿಯನ್ನು ಇಂಜಿನಿಯರರ ಕಡೆ ಚಾಚಿದರು. ತಮ್ಮ ಚೌಕದಿಂದ ಹೊರಗೆ ಹೋಗುವ ದಾರಿ ಇಲ್ಲವೆಂದು ಅವರೂ ತಲೆಯಾಡಿಸಿದರು. ನಗು ತಾನಾಗಿ ನಿಂತಿತು. ನಿರ್ದೇಶಕರು ಕೈಯಲ್ಲಿ ಒಂದು ತುಂಡು ಶುಂಠಿ ಹಿಡಿದುಕೊಂಡು ಕೂತಿದ್ದರು, ಅದನ್ನು ಯಾರಿಗೂ ಕೊಡುವಂತಿರಲಿಲ್ಲ. ನಾನು ವಾದವೊಂದನ್ನು ಸಿದ್ಧಪಡಿಸಿಕೊಂಡು ಬಂದಿದ್ದೆ, ಹೇಳಲಿಲ್ಲ. ಇಡೀ ಜೀವಮಾನದಲ್ಲಿ ನಾನು ನುಂಗಿಕೊಂಡ ಅತ್ಯುತ್ತಮ ಭಾಷಣ ಅದು.

ಶುಂಠಿಯನ್ನು ಬೆರಳುಗಳ ನಡುವೆ ಹೊರಳಿಸುತ್ತ ಅವರು ಕೇಳಿದರು:

“ಇದರ ಒಡೆಯರು ಯಾರು?”

“ಮಟ್ಟಾಂಚೇರಿಯ ಲಿಸ್ಸಿ ಎಂಬವರು, ಸರ್. ಹಡಗು ಮುಂದಿನ ವಾರ.”

ಅವರು ಎದ್ದು ಬಿಳಿಹಲಗೆಯ ಬಳಿ ಹೋದರು. ಅಲ್ಲಿದ್ದ ನಕ್ಷೆಗೆ, ‘ತಿರಸ್ಕೃತ’ದಿಂದ ಕೆಳಗಿಳಿದು ಎಡಕ್ಕೆ ಸಾಗುವ ಬಾಣವನ್ನು ತಾವೇ ಎಳೆದರು. ಅಂದವನ್ನು ಪ್ರೀತಿಸುವ ಆ ಮನುಷ್ಯ ಎಳೆದ ಗೆರೆ ಸೊಟ್ಟಗಿತ್ತು, ಅಳಿಸಿ ತಿದ್ದಲಿಲ್ಲ. ಇದನ್ನು ಕಟ್ಟಿಕೊಡಲು ಎಷ್ಟು ದಿನ ಬೇಕೆಂದು ಇಂಜಿನಿಯರರನ್ನು ಕೇಳಿದರು. ತಿಂಗಳಾದರೂ ಬೇಕೆಂಬ ಉತ್ತರ ಬಂತು. ಅಲ್ಲಿಯವರೆಗೆ ಎರಡನೆಯ ಪರೀಕ್ಷೆ ಹಿಂದಿನಂತೆ ಕಾಗದದ ಮೇಲೆ, ಎಲ್ಲ ಕೌಂಟರುಗಳಲ್ಲಿ, ಎಲ್ಲರಿಗೂ ನಡೆಯಲಿ ಎಂದು ಅಲ್ಲಿಯೇ ಆದೇಶ ಹೇಳಿ ಬರೆಸಿದರು. ‘ಎಲ್ಲರಿಗೂ’ ಎಂಬ ಮಾತನ್ನು ಒತ್ತಿ ಹೇಳುವಾಗ ನನ್ನ ಕಡೆ ನೋಡಿದರು. ಶಿಫಾರಸಿನ ಕುರಿತ ಅವರ ವಾದವೂ ಸೋಲಲಿಲ್ಲ ಎಂಬುದನ್ನು ನಾನು ಸಂತೋಷದಿಂದ ದಾಖಲಿಸುತ್ತೇನೆ. ಚಹಾದ ಹೊತ್ತಿಗೆ ಅವರ ಬೆರಳುಗಳಿಂದ ಇನ್ನೂ ಶುಂಠಿಯ ವಾಸನೆ ಬರುತ್ತಿತ್ತು. ಆವತ್ತಿನ ಚಹಾ ಚೆನ್ನಾಗಿತ್ತೆಂದು ಅವರೇ ಹೇಳಿದರು.

ಲಿಸ್ಸಿಯ ಸರಕು ಎರಡನೆಯ ಪರೀಕ್ಷೆಗೆ ಬಂತು. ಗೋಡೆಯ ಪಕ್ಕದಲ್ಲಿ ಪೇರಿಸಿದ್ದ ಒಂದೆರಡು ಮೂಟೆ ತೇವಾಂಶದ ಪರೀಕ್ಷೆಯಲ್ಲಿ ಮತ್ತೆ ಬಿದ್ದವು. ಅವು ಬಾಣ ಹಿಡಿದು ಮತ್ತೊಮ್ಮೆ ಮಟ್ಟಾಂಚೇರಿಗೆ ಹೋಗಿ, ಒಣಗಿ ಬಂದವು. ಹಡಗು ಹೊರಡುವ ಮುಂಚೆ ಎಲ್ಲವೂ ಹತ್ತಿದವು, ಅವಳ ಹೆಸರಿನಲ್ಲಿಯೇ.

ಈಗ ಕಿರಿಯರು ಸ್ಲೈಡು ತೋರಿಸಿದಾಗ ನಾನು ಕೇಳುವ ಪ್ರಶ್ನೆ ಇಷ್ಟೇ: ಇಲ್ಲಿ ಬಿದ್ದವನು ಎಲ್ಲಿಗೆ ಹೋಗುತ್ತಾನೆ? ಚೌಕಗಳು ಕಡಿಮೆಯಿರಲಿ, ಅಕ್ಷರ ದೊಡ್ಡದಿರಲಿ, ಬಣ್ಣ ಹಿತವಾಗಿರಲಿ. ಆದರೆ ನಿಮ್ಮ ನಕ್ಷೆಯನ್ನು ನೋಡಿ ಯಾರೋ ಒಂದು ವ್ಯವಸ್ಥೆಯನ್ನು ಕಟ್ಟುತ್ತಾರೆ, ಅದರೊಳಗೆ ಯಾರೋ ಬದುಕಬೇಕಾಗುತ್ತದೆ ಎಂಬುದು ನೆನಪಿರಲಿ. ಎಲ್ಲರಿಗೂ ಗೊತ್ತಿರುವುದನ್ನು ಮೊದಲು ಬರೆಯಿರಿ.

ಕಳೆದ ತಿಂಗಳು ಮೆಟ್ರೋ ಹತ್ತಿ, ಆಮೇಲೆ ಬೋಟು ಹಿಡಿದು ಮಟ್ಟಾಂಚೇರಿಗೆ ಹೋಗಿದ್ದೆ. ಲಿಸ್ಸಿ ಈಗ ಗೋದಾಮಿನ ಮುಂಭಾಗವನ್ನೂ ಹಿಡಿದಿದ್ದಾಳೆ. ಅವಳನ್ನೀಗ ಎಲ್ಲರೂ ಲಿಸ್ಸಿ ಚೇಚಿ, ಅಂದರೆ ಲಿಸ್ಸಿ ಅಕ್ಕ, ಎನ್ನುತ್ತಾರೆ. ಚಾಯ ತರಿಸಿ, ಕುಡಿಯುವ ಮೊದಲು ಬನ್ನಿ ಎಂದು ಒಳಗೆ ಕರೆದುಕೊಂಡು ಹೋದಳು. ಶುಂಠಿ ಹರಡುವ ಅಂಗಳದ ಸುಣ್ಣದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಚೌಕಗಳನ್ನು ಬರೆಸಿದ್ದಾಳೆ: ಸುಲಿಯುವುದು, ತೊಳೆಯುವುದು, ಒಣಗಿಸುವುದು, ಪರೀಕ್ಷೆ, ಹಡಗು. ಪ್ರತಿ ಚೌಕದಲ್ಲಿ ಅದನ್ನು ಮಾಡುವ ಹೆಂಗಸಿನ ಹೆಸರು. ಪರೀಕ್ಷೆಯ ಚೌಕದಿಂದ ಒಣಗಿಸುವ ಚೌಕಕ್ಕೆ ತಿರುಗಿ ಬರುವ ಬಾಣ ಮಾತ್ರ ಕೆಂಪು, ಉಳಿದೆಲ್ಲ ಬಾಣಗಳಿಗಿಂತ ಮೂರುಪಟ್ಟು ದಪ್ಪ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಮೊದಲು ತೋರಿಸುವುದು ಅದನ್ನಂತೆ. ಬಾಣದ ಕೆಳಗೆ ಮಲಯಾಳದಲ್ಲಿ ಒಂದು ಸಾಲು ಬರೆದಿತ್ತು. ಮಗಳ ಪಕ್ಕದಲ್ಲಿ ಕೂತು ಕಲಿತ ಅಕ್ಷರಗಳು ಕೈಕೊಡಲಿಲ್ಲ. ನಿಧಾನವಾಗಿ ಕೂಡಿಸಿ ಓದಿದೆ.

‘ಇಲ್ಲಿ ಅಳಬೇಡ. ಮತ್ತೆ ಒಣಗಿಸು.’